ಬರಿಗಿವಿ

ಆ ಬೆಟ್ಟನಾಡಿಗೆ ಫೆಬ್ರವರಿಯೇ ಮಳೆಗಾಲ. ಮಳೆ ಹೊಳವಾದ ಒಂದು ಬೆಳಿಗ್ಗೆ, ಹೊರೆ ಹೊರುವ ಲಾಮಾಗಳಲ್ಲಿ ಯಾರದು ಯಾವುದೆಂಬ ಗುರುತಿಗೆ ಅವುಗಳ ಕಿವಿಗೆ ಹೊಸ ಉಣ್ಣೆಕುಚ್ಚು ಕಟ್ಟುವ ಕೆಲಸ ನಡೆದಿತ್ತು. ನಿಕಾಸಿಯಾಳ ಮುಂದಾಳು ಲಾಮಾ ಮಾತ್ರ ದೊಡ್ಡಿಯಿಂದ ತಪ್ಪಿಸಿಕೊಂಡು ಒರತೆಯ ಹೊಂಡಕ್ಕಿಳಿದು, ಮೊಣಕಾಲುದ್ದದ ನೀರಲ್ಲಿ ನಿಂತುಬಿಟ್ಟಿತ್ತು. ಎಳೆದರೂ ಕದಲಲಿಲ್ಲ. ಅದು ಮುಂದೆ ನಡೆಯದಿದ್ದರೆ ಮಂದೆ ಉಪ್ಪು ಹೊತ್ತು ಕಣಿವೆಗೆ ಇಳಿಯುವುದಿಲ್ಲ. ಉಪ್ಪು ಇಳಿಯದಿದ್ದರೆ ಮನೆಗೆ ಮೆಕ್ಕೆಜೋಳ ಬರುವುದಿಲ್ಲ.

"ಹೋದ್ಸಲ ನೀನು ಹೊರೆ ಜಾಸ್ತಿ ಹೊರಿಸಿದ್ದೆ, ಅತ್ತಿಗೆ. ಮುನಿಸ್ಕೊಂಡು ತವರಿಗೆ ಹೊಂಟೈತೆ," ಎಂದ ಮೈದುನ ಹಿಲಾರಿಯೊ, ಕೋಕಾ ಎಲೆ ಅಗಿಯುತ್ತ. ಲಾಮಾಗಳು ಮೊದಲು ಎದ್ದುಬಂದದ್ದು ಈ ಒರತೆಯಿಂದ, ಮನುಷ್ಯರಿಗೆ ಅವು ಕಡ ಸಿಕ್ಕಿದ್ದು ಅಷ್ಟೇ ಎಂಬುದು ಅಲ್ಲಿ ಎಲ್ಲರೂ ಬಲ್ಲ ಮಾತು. "ಕುಚ್ಚು ಬಿಚ್ಚಿ ಬಿಟ್ಕೊಡು. ನೀನು ಹಟ ಮಾಡಿದ್ರೆ ಮಂದೆ ಪೂರ್ತಿ ಅದರ ಹಿಂದೆ ಹೋಗ್ತೈತೆ."

"ನಿಂದಾಗಿದ್ರೆ ಬಿಡ್ತಿದ್ಯಾ?"

"ನಂದು ಸೋಮಾರಿ. ತವರಿಗೂ ನಡೆಯಲ್ಲ."

ನಿಕಾಸಿಯಾ ಎಳೆಯುತ್ತಿದ್ದ ಹಗ್ಗವನ್ನು ಕೆಳಗೆ ಹಾಕಿದಳು. ಆಮೇಲೆ ಲಂಗ ಎತ್ತಿ ಕಟ್ಟಿ ನೀರಿಗಿಳಿದು, ಹಳೆಯ ಕೆಂಪು ಕುಚ್ಚನ್ನು ಬಿಚ್ಚಿದಳು. "ತಗೊಳ್ಳವ್ವ, ನಿಂದು ನಿಂಗೇ," ಎಂದು ಅದನ್ನು ನೀರಿಗೆ ಬಿಟ್ಟು, ತಿರುಗಿ ನೋಡದೆ ದಡ ಹತ್ತಿದಳು.

ಬೆನ್ನಿಗೆ ಬಿಸಿಯುಸಿರು ತಾಕಿತು. ಲಾಮಾ ನೀರು ಸುರಿಸಿಕೊಂಡು ಹಿಂದೆಯೇ ಬಂದಿತ್ತು. ಬರಿಗಿವಿಯನ್ನು ಅವಳತ್ತ ಬಗ್ಗಿಸಿ ನಿಂತಿತು.

"ಕಟ್ಟು ಮತ್ತೆ," ಎಂದ ಹಿಲಾರಿಯೊ.

ಹೊಸ ಕುಚ್ಚು ಅವಳ ಸೊಂಟದಲ್ಲೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ಅವಳು ಒಮ್ಮೆ ಲಾಮಾವನ್ನು, ಒಮ್ಮೆ ಒರತೆಯನ್ನು ನೋಡಿದಳು.

"ಕಡ ತೀರಿಸಿಬಿಟ್ನಲ್ಲೋ. ಈಗ ಯಾರದು ಅಂತ ಕಟ್ಟಲಿ?"