ಒಬ್ಬರಿಗೊಂದು ಪೆಟ್ಟಿಗೆ

ಎರಡು ತಿಂಗಳು ಒಂದು ದಿನವೂ ತಪ್ಪದೆ ಬಂದು ಮಾತ್ರೆ ತೆಗೆದುಕೊಂಡ ಮೇಲೂ ಮುಸಾದನ ಕಫದಲ್ಲಿ ಕ್ಷಯದ ರೋಗಾಣು ಹಾಗೇ ಇತ್ತು. ಪರೀಕ್ಷೆಯ ಚೀಟಿಯನ್ನು ನರ್ಸ್ ತಕಿಯ್ಯಾ ಎರಡೆರಡು ಸಲ ಓದಿದಳು. ದಿನಾ ಬೆಳಿಗ್ಗೆ ಅವನನ್ನು ಎದುರಿಗೇ ಕೂರಿಸಿಕೊಂಡು, ನಾಲ್ಕು ಮಾತ್ರೆ ಕೊಟ್ಟು, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡಿ ಕಳಿಸುತ್ತಿದ್ದವಳು ಅವಳೇ. ಹಾಗಾದರೆ ಇದು ಮಾತ್ರೆಗೆ ಬಗ್ಗದ ಕ್ಷಯವೇ? ಅಂಥ ಕ್ಷಯಕ್ಕೆ ಕೊಡುವ ಔಷಧಿ ಅವಳ ಬೀರುವಿನಲ್ಲಂತೂ ಇರಲಿಲ್ಲ.

ಆವತ್ತು ಮುಸಾದ್ ಎಂದಿನಂತೆ ನಾಲ್ಕು ಮಾತ್ರೆ ಬಾಯಿಗೆ ಹಾಕಿಕೊಂಡು, ಸಲಾಂ ಹೇಳಿ ಹೊರಟ. ತಕಿಯ್ಯಾ ಸುಮ್ಮನೆ ಕಿಟಕಿಗೆ ಬಂದು ನಿಂತಳು. ಗೇಟಿನಾಚೆ ಗೋಡೆಯ ನೆರಳಿನಲ್ಲಿ ಅವನ ಹೆಂಡತಿ ನೂರಿಯಾ ಕೂತಿದ್ದಳು. ಅವನು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆನ್ನೆಯೊಳಗೆ ಬೆರಳು ಹಾಕಿ ಎರಡು ಮಾತ್ರೆ ಹೊರಗೆ ತೆಗೆದ. ಉಟ್ಟ ಲುಂಗಿಗೆ ಒರೆಸಿ ಅವಳ ಅಂಗೈಗಿಟ್ಟ. ಅವಳು ಮುಸುಕಿನ ಅಡಿಯಿಂದ ಬಾಯಿಗೆ ಹಾಕಿಕೊಂಡಳು.

ಹೊದೈದಾ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಆಳು ಮುಸಾದ್. ಇಪ್ಪತ್ತು ವರ್ಷದಿಂದ ದಿನಾ ಮಧ್ಯಾಹ್ನ ಅಮಲಿಗೆಂದು ಜಗಿಯುವ ಖಾತ್ ಸೊಪ್ಪು ತುಂಬಿಕೊಂಡು ಹಿಗ್ಗಿಹೋದ ಕೆನ್ನೆ ಅವನದು. ಒಂದು ಹಿಡಿ ಸೊಪ್ಪು ಹಿಡಿಸುವ ಜಾಗದಲ್ಲಿ ಎರಡು ಮಾತ್ರೆ ಅಡಗುವುದೇನು ಮಹಾ! ಅಪ್ಪ, ಗಂಡ, ಮೈದುನ ಎಲ್ಲರ ಉಬ್ಬಿದ ಕೆನ್ನೆ ನೋಡಿಕೊಂಡೇ ಬಾಳಿದ ತನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಕಿಯ್ಯಾಗೆ ತನ್ನ ಮೇಲೇ ಸಿಟ್ಟು ಬಂತು. ಇಬ್ಬರನ್ನೂ ಒಳಗೆ ಕರೆಸಿದಳು.

"ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೋ ಮಾರಾಯ."

"ಬೈಯಿರಿ ಅಕ್ಕ, ಬೈಸ್ಕೋತೀನಿ," ಎಂದ ಮುಸಾದ್. "ಇವಳಿಗೂ ಕ್ಷಯ ಇದೆ ಅಂತ ಹೇಳಿದೋರು ನೀವೇ. ಪೆಟ್ಟಿಗೆ ಬರಲಿ, ಎರಡು ವಾರ ತಡ್ಕೊಳ್ಳಿ ಅಂದೋರೂ ನೀವೇ. ಇವತ್ತಿಗೆ ಏಳು ವಾರ ಆಯ್ತು. ಮನೇಲಿ ಒಂದೇ ರೊಟ್ಟಿ ಇದ್ರೆ ಮುರ್ಕೊಂಡು ತಿನ್ನಲ್ವಾ? ಇದೂ ಹಾಗೇ ಅಂದ್ಕೊಂಡೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬ ರೋಗಿಗೆ ಒಂದು ಪೆಟ್ಟಿಗೆ, ಅದರೊಳಗೆ ಆರು ತಿಂಗಳ ಮಾತ್ರೆ, ಮೇಲೆ ಅವನ ಹೆಸರು. ಪೂರ್ತಿ ಪೆಟ್ಟಿಗೆ ಕೈಗೆ ಬರದೆ ಯಾರಿಗೂ ಚಿಕಿತ್ಸೆ ಶುರು ಮಾಡುವಂತಿಲ್ಲ. ದೂರದ ಸರ್ಕಾರಗಳು ಇಂಥ ರೋಗಗಳಿಗೆಂದು ವರ್ಷ ವರ್ಷ ಕೊಡುತ್ತಿದ್ದ ಹಣಕ್ಕೆ ಈ ಸಲ ಕತ್ತರಿ ಹಾಕಿದ್ದವು. ಹೊಸ ಪೆಟ್ಟಿಗೆ ಬಂದಿರಲಿಲ್ಲ. ಬೀರುವಿನಲ್ಲಿ ಇದ್ದದ್ದು ಹನ್ನೊಂದು, ಹನ್ನೊಂದರ ಮೇಲೂ ಹೆಸರಿತ್ತು. ಆದರೂ ಆಸೆ ಬಿಡದೆ ಅವಳು ಔಷಧಿ ಉಗ್ರಾಣಕ್ಕೆ ಫೋನ್ ಮಾಡಿದಳು.

"ಒಂದೇ ಒಂದು ಪೆಟ್ಟಿಗೆ ಸಾಕು, ಅಣ್ಣ."

"ಒಂದಿದ್ದಿದ್ರೆ ನಮ್ಮ ಅತ್ತಿಗೆಗೇ ಕೊಡ್ತಿದ್ದೆ," ಎಂದ ಉಗ್ರಾಣದವನು. "ಹಣ ಕೊಡೋ ದೇಶದೋರ ಸಭೆ ನಡೀತಿದೆಯಂತೆ. ಯಾರು ಎಷ್ಟು ಹಾಕ್ತಾರೆ ಅಂತ ಮುಂದಿನ ತಿಂಗಳು ಗೊತ್ತಾಗುತ್ತೆ. ಹಡಗಿನ ಮಾತು ಆಮೇಲೆ."

"ಅಲ್ಲೀತನಕ ಸುಮ್ಮನಿರು ಅಂತ ಕೆಮ್ಮಿಗೆ ಹೇಳಲಾ?"

"ಹೇಳಿ ನೋಡಮ್ಮ. ನಮ್ಮ ಮಾತು ಬೇರೆ ಯಾರೂ ಕೇಳ್ತಿಲ್ಲ, ಅದಾದ್ರೂ ಕೇಳುತ್ತೇನೋ."

ಫೋನ್ ಇಟ್ಟು ತಕಿಯ್ಯಾ ಮೇಜಿನ ಮೇಲೆ ಮುಸಾದನ ಪೆಟ್ಟಿಗೆಯನ್ನು ತೆರೆದಳು. "ಸರಿಯಾಗಿ ಕೇಳಿಸ್ಕೊಳ್ಳಿ. ಅರ್ಧರ್ಧ ನುಂಗಿದ್ರೆ ರೋಗ ಸಾಯಲ್ಲ, ಮಾತ್ರೆಗೆ ಪಳಗಿಬಿಡುತ್ತೆ. ಆಮೇಲೆ ಇಬ್ಬರಿಗೂ ಯಾವ ಮಾತ್ರೆಯೂ ನಾಟಲ್ಲ. ನಾಲ್ಕೂ ಒಬ್ಬರ ಹೊಟ್ಟೆಗೇ ಹೋಗಬೇಕು."

"ಹಾಗಾದ್ರೆ ಪೆಟ್ಟಿಗೆ ಮೇಲೆ ನನ್ನ ಹೆಸರು ಹೊಡೆದು ಇವಳದ್ದು ಬರೀರಿ," ಎಂದ ಮುಸಾದ್. "ಪೆನ್ನಿಗೇನು ಬರ ಇಲ್ವಲ್ಲ."

"ಇದರಲ್ಲಿ ಉಳಿದಿರೋದು ನಾಲ್ಕು ತಿಂಗಳದ್ದು. ಅವಳಿಗೆ ಸಾಲಲ್ಲ. ನಡುವೆ ಬಿಟ್ಟರೆ ನೀನೂ ಉಳಿಯಲ್ಲ."

ನೂರಿಯಾ ಕೇಳಿದಳು, "ಇವರೊಬ್ಬರೇ ನುಂಗಿದ್ರೆ?"

"ಇವನದು ಇನ್ನೂ ಕೈ ಮೀರಿರಲಿಕ್ಕಿಲ್ಲ ಅನ್ಸುತ್ತೆ," ಎಂದಳು ತಕಿಯ್ಯಾ. ಹೇಳುವಾಗ ನೂರಿಯಾಳ ಮುಖ ನೋಡುವ ಧೈರ್ಯ ಬರಲಿಲ್ಲ. ಆ ದಿನದ ಲೆಕ್ಕಕ್ಕೆ ಕಡಿಮೆ ಬಿದ್ದಿದ್ದ ಎರಡು ಮಾತ್ರೆಗಳನ್ನು ತಟ್ಟೆಗೆ ಹಾಕಿ ಮುಂದಕ್ಕೆ ಸರಿಸಿದಳು. ಮುಸಾದ್ ಹಟಮಾರಿ ಮಗುವಿನಂತೆ ಬಾಯಿ ಬಿಗಿದು ಗೋಡೆಯ ಕಡೆ ತಿರುಗಿದ.

ನೂರಿಯಾ ಎದ್ದು ಬಂದು ಮಾತ್ರೆ ಎರಡನ್ನೂ ಎತ್ತಿಕೊಂಡಳು. ಅವಳೇ ನುಂಗುತ್ತಾಳೆಂದುಕೊಂಡ ಮುಸಾದನ ಭುಜ ಸಡಿಲವಾಯಿತು. ಅಷ್ಟರಲ್ಲಿ ಅವಳು, ಮೇಕೆಗೆ ಮದ್ದು ಹಾಕುವವರ ಹಾಗೆ, ಅವನ ದವಡೆ ಅದುಮಿ ಬಾಯಿ ಬಿಡಿಸಿ ಮಾತ್ರೆಯನ್ನು ಒಳಗೆ ತಳ್ಳಿದಳು. ನೀರು ಹೊಯ್ದು, ಗಂಟಲು ಗುಟುಕ್ ಎನ್ನುವವರೆಗೂ ಮೂಗು ಹಿಡಿದಳು. ಕೆನ್ನೆಯೊಳಗೆ ಬೆರಳಾಡಿಸಿ ನೋಡಿದಳು.

"ನುಂಗಿದ್ರು ಅಕ್ಕ. ಬರ್ಕೊಳ್ಳಿ."

ಮುಸಾದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನೂರಿಯಾಗೆ ಕೆಮ್ಮು ಬಂತು. ಅವಳು ಬಾಗಿಲ ಕಡೆ ತಿರುಗಿ, ಮುಸುಕನ್ನು ಬಾಯಿಗೆ ಒತ್ತಿ ಹಿಡಿದು, ಅದು ತಾನಾಗಿ ನಿಲ್ಲುವವರೆಗೂ ಕಾದಳು. ತಕಿಯ್ಯಾ ಪೆನ್ನು ಹಿಡಿದು ಕೂತಿದ್ದಳು, ಬರೆಯಲು ಕೈ ಬರಲಿಲ್ಲ.

"ನಾಳೆಯಿಂದ ಇವರನ್ನ ನಾನೇ ಕರ್ಕೊಂಡು ಬಂದು ನುಂಗಿಸ್ತೀನಿ," ಎಂದಳು ನೂರಿಯಾ. "ನಂಗೆ ನಡೆಯೋಕೆ ಆಗೋ ತನಕ."