ಒಟ್ಟಿಗೇ ಕೇಳಿದ ಸೈರನ್

"ರೀ, ನಾನು ಇಲ್ಲೇ ಇದ್ದೀನಿ," ಅಂದಳು ಹೆಂಡತಿ ಫೋನಿನಲ್ಲಿ.

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೇ ಕಣ್ರೀ. ದೊಡ್ಡ ಗೋಡೆ ಇದೆ. ಬಿಸಿಲು ಜಾಸ್ತಿ. ಬೇಗ ಬನ್ನಿ."

ಕಚೇರಿಯಲ್ಲಿ ಕೂತಿದ್ದ ದಿಕ್ಕಣ್ಣ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಮರೆವಿನ ಕಾಯಿಲೆಯ ಹೆಂಡತಿ ಯಾರಿಗೂ ಹೇಳದೆ ಮನೆಯಿಂದ ಹೊರಟುಬಿಟ್ಟಿದ್ದಾಳೆ. ಆಕಾಶದ ಯಾವ ಮೂಲೆಯಲ್ಲಿ ಗಾಮಾ ಕಿರಣಗಳ ಸ್ಫೋಟವಾದರೂ ಅದರ ಜಾಗ ಪತ್ತೆ ಹಚ್ಚುವುದು ಅವನ ಕೆಲಸ. ದಿಕ್ಕಣ್ಣ ಅನ್ನುವುದು ಕಚೇರಿಯವರು ಕೀಟಲೆಗೆ ಇಟ್ಟ ಹೆಸರು. ದೂರದೂರ ಇರುವ ಉಪಗ್ರಹಗಳಿಗೆ ಒಂದೇ ಸ್ಫೋಟ ಹಿಂದೆಮುಂದೆ ಕಾಣುತ್ತದೆ. ಯಾವುದಕ್ಕೆ ಎಷ್ಟು ಮೊದಲು ಕಂಡಿತು ಅನ್ನುವುದನ್ನು ಹಿಡಿದು ಅವನು ಆಕಾಶದಲ್ಲೊಂದು ವೃತ್ತ ಎಳೆಯುತ್ತಾನೆ. ಸ್ಫೋಟ ಆ ವೃತ್ತದ ಮೇಲೆ ಎಲ್ಲೋ ಇರಲೇಬೇಕು. ಮೂವತ್ತು ವರ್ಷದಿಂದ ಇದೇ ಕಸುಬು.

ಅಷ್ಟರಲ್ಲಿ ಊರಿನ ಕಾರ್ಖಾನೆಯ ಮಧ್ಯಾಹ್ನ ಒಂದು ಗಂಟೆಯ ಸೈರನ್ ಕೂಗಿತು. ಒಂದು ಕಿವಿಗೆ ಕಿಟಕಿಯಿಂದ, ಇನ್ನೊಂದಕ್ಕೆ ಫೋನಿನಿಂದ. ಒಟ್ಟಿಗೇ. ಆಮೇಲೆ ಫೋನು ಸತ್ತಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

"ಸಿಕ್ಕಿದಳು!" ಎಂದು ದಿಕ್ಕಣ್ಣ ಎದ್ದ. "ಸೈರನ್ ಇಬ್ಬರಿಗೂ ಒಂದೇ ಸಲ ಕೇಳಿಸ್ತು. ಕಾರ್ಖಾನೆಯಿಂದ ನಾವೆಷ್ಟು ದೂರವೋ ಅವಳೂ ಅಷ್ಟೇ ದೂರ."

ಗೋಡೆಯ ಮೇಲಿದ್ದ ಊರಿನ ನಕ್ಷೆಯಲ್ಲಿ ಕಾರ್ಖಾನೆಗೊಂದು ಗುಂಡುಸೂಜಿ ಚುಚ್ಚಿ, ದಾರ ಕಟ್ಟಿ, ಪೆನ್ಸಿಲಿನಲ್ಲಿ ಸುತ್ತು ಎಳೆದ. ಗೆರೆ ರೈಲು ನಿಲ್ದಾಣವನ್ನು ಮುಟ್ಟಿತು, ಅವಳು ಪಾಠ ಹೇಳುತ್ತಿದ್ದ ಶಾಲೆಯನ್ನು ಮುಟ್ಟಿತು, ಮದುವೆಯಾದ ಹೊಸದರಲ್ಲಿ ಇಬ್ಬರೂ ಇದ್ದ ಬಾಡಿಗೆ ಮನೆಯ ಬೀದಿಯನ್ನೂ ಮುಟ್ಟಿತು.

"ಹಳೇ ಮನೆ! ಅಲ್ಲಿ ದೊಡ್ಡ ಕಾಂಪೌಂಡಿದೆ."

"ಮೊದ್ಲು ಪೊಲೀಸರಿಗೆ ಹೇಳೋಣ ಸರ್," ಎಂದಳು ಪಕ್ಕದ ಮೇಜಿನ ಸಹೋದ್ಯೋಗಿ.

"ನೀವು ಹೇಳ್ತಿರಿ. ಅಷ್ಟರಲ್ಲಿ ನಾನು ಕರ್ಕೊಂಡೇ ಬರ್ತೀನಿ." ಆ ಗಾಬರಿಯಲ್ಲೂ ಅವನ ದನಿಯಲ್ಲಿ ಚೂರು ಹೆಮ್ಮೆಯಿತ್ತು. ಕಾರು ನಿಲ್ಲಿಸುವ ಹಿಂದಿನ ಗೇಟಿನಿಂದ ಓಡಿದ.

ಹಳೇ ಮನೆಯಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದರು. ಶಾಲೆಗೆ ರಜೆ. ರೈಲು ನಿಲ್ದಾಣದ ಬೆಂಚುಗಳನ್ನು ಒಂದೊಂದಾಗಿ ನೋಡಿದ. ಎರಡು ಗಂಟೆಗೆ ಇನ್ನೇನು ಎರಡು ನಿಮಿಷ ಇದೆ ಅನ್ನುವಾಗ ಬರಿಗೈಯಲ್ಲಿ ಕಚೇರಿಯ ಮುಂದಿನ ಗೇಟಿಗೆ ಬಂದು ನಿಂತ.

ಕಾವಲುಗಾರ ಒಂದು ಊಟದ ಡಬ್ಬಿ ಹಿಡಿದು ಬಂದ. "ಸಾರ್, ಯಾರೋ ಒಬ್ರು ಅಮ್ಮ ಇದನ್ನ ಕೊಟ್ಟು ಹೋದ್ರು. ಯಾರಿಗಮ್ಮ ಅಂದ್ರೆ ನಮ್ಮನೆಯವ್ರಿಗೆ ಅಂದ್ರು. ಹೆಸರು ಕೇಳಿದ್ರೆ ನೆನಪಾಗ್ಲಿಲ್ಲ ಪಾಪ. ಹೆಸರಿಲ್ದೆ ಒಳಗೆ ಬಿಡೋ ಹಾಗಿಲ್ವಲ್ಲ ಸಾರ್. ಸೈರನ್ ಕೂಗ್ದಾಗ ಈ ಗೋಡೆ ಹತ್ರಾನೇ ಫೋನಲ್ಲಿ ಮಾತಾಡ್ತಿದ್ರು. ಅರ್ಧ ಗಂಟೆ ಬಿಸಿಲಲ್ಲೇ ಕಾದ್ರು. ಆಮೇಲೆ ಹೆದ್ದಾರಿ ಕಡೆ ನಡ್ಕೊಂಡು ಹೋಗ್ಬಿಟ್ರು."

ಡಬ್ಬಿ ದಿಕ್ಕಣ್ಣನದೇ. ಮುಚ್ಚಳ ತೆಗೆದ. ತೊಳೆದು ಒರೆಸಿದ ಖಾಲಿ ಡಬ್ಬಿ, ತುಂಬಿಸಲು ಮರೆತಿದ್ದಳು.

ನಕ್ಷೆಯಲ್ಲಿ ವೃತ್ತ ಎಳೆಯಲು ಅವನು ಮೊದಲು ಪೆನ್ಸಿಲ್ ಊರಿದ್ದು ಈ ಕಚೇರಿಯ ಮೇಲೆಯೇ. ಇಡೀ ಊರು ಸುತ್ತಿ ಗೆರೆ ಇಲ್ಲಿಗೇ ಬಂದು ಕೂಡಿತ್ತು. ಈ ಒಂದು ಜಾಗವನ್ನು ಮಾತ್ರ ಅವನು ನೋಡಿರಲಿಲ್ಲ.

ಹೆದ್ದಾರಿಯತ್ತ ಓಡುತ್ತಲೇ ಮತ್ತೆ ಅವಳಿಗೆ ಫೋನು ಮಾಡಿ ಕಿವಿಗೆ ಒತ್ತಿದ. ಇನ್ನೂ ಸ್ವಿಚ್ ಆಫ್. ಎರಡು ಗಂಟೆಯ ಸೈರನ್ ಕೂಗಿತು. ಈ ಸಲ ಅದು ಒಂದೇ ಕಿವಿಗೆ ಕೇಳಿಸಿತು.