ಕೊನೆಗೆ ಉಳಿದ ಪದ

ಪಾರ್ಶ್ವವಾಯು ಬಡಿದ ಮೇಲೆ ಇಂಗ್ಲಿಷ್ ಮೇಷ್ಟ್ರ ಬಾಯಲ್ಲಿ ಉಳಿದದ್ದು ಒಂದೇ ಪದ: "ಬ್ಲಡಿ." ತರಗತಿಯಲ್ಲಿ ಹಾಗಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ಅವರು.

"ಹಾಗಂದ್ರೇನೇ?" ಎಂದು ಅವರ ಹೆಂಡತಿ ಮಗಳನ್ನು ಕೇಳಿದರು.

"ರಕ್ತ ಅನ್ನೋದ್ರಿಂದ ಬಂದಿದ್ದಂತೆ, ಮೊದಲು ಅದೊಂದು ಆಣೆ ಅಂತಾರೆ. ಈಗ ಬರೀ ಬೈಗುಳ ಕಣಮ್ಮ. ದಿನವಿಡೀ ನಿನ್ನ ಬೈತಿದ್ದಾರೆ."

"ಬೈತಿಲ್ಲ ಕಣೆ. ಮೆತ್ತಗಂದ್ರೆ ನೀರು ಬೇಕು. ಗದರಿದ್ರೆ ಫ್ಯಾನ್ ಹಾಕ್ಬೇಕು. ರಾಗ ಎಳೆದ್ರೆ ನಾನು ಪಕ್ಕದಲ್ಲೇ ಕೂತಿರ್ಬೇಕು, ಏಳಬಾರದು."

ಆಮೇಲೊಂದು ಬೆಳಿಗ್ಗೆ ಆ ಪದವೂ ನಿಂತಿತು. ಮೇಲುಸಿರು ಶುರುವಾಯಿತು. ಮಗಳು ಅಪ್ಪನ ಬಾಯಿಗೆ ತುಳಸಿನೀರು ಬಿಟ್ಟಳು.

"ಕಿವೀಲಿ ನಾರಾಯಣ ಅನ್ನಮ್ಮ, ಬೇಗ."

ತಾಯಿ ಗಂಡನ ಕಿವಿಗೆ ಬಾಗಿ, ರಾಗ ಎಳೆದು ಕರೆದರು: "ಬ್ಲಡೀ..."